ಹದಿನಾರು ಟಮಾಟಿ ಗಿಡ

ನಮ್ಮ ಮನೆಯಲ್ಲಿ ಬೇಸಿಗೆಯ ಜಗಳ ಶುರುವಾಗುವುದು ಟಮಾಟಿಯಿಂದ. ಯುಗಾದಿ ಮುಗಿದು ಹದಿನೈದು ದಿನ ಆಗಬಾರದು, ಶುರು. ಅಪ್ಪ ಒಂದು ಕಡೆ, ಅವ್ವ ಒಂದು ಕಡೆ, ನಡುವೆ ಹದಿನಾರು ಟಮಾಟಿ ಗಿಡ. ಗಿಡದ ತುಂಬ ಹಳದಿ ಹೂವು. ಕಾಯಿ ಒಂದೂ ಇಲ್ಲ.

"ಹೂವ ಬಿಟ್ಟಾವಲ್ಲ, ಇನ್ನೇನ ಕಾಯಿ ಕಚ್ಚತಾವ" ಅಂತಾರೆ ಅಪ್ಪ.

"ಹೂವ ಮುಡ್ಕೊಳ್ಳಾಕ ಬೆಳಿಸೀರೇನು?" ಅಂತಾಳೆ ಅವ್ವ.

ಮೊದಲು ಜಾಗದ ಬಗ್ಗೆ ಹೇಳಿಬಿಡುತ್ತೇನೆ. ತೋಟ ಅಂದಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಧಾರವಾಡದ ಅಂಚಿನಲ್ಲಿ ಒಂದಕ್ಕೊಂದು ಹತ್ತಿಕೊಂಡ ಎರಡು ಸೈಟು, ಅಷ್ಟೇ. ಒಂದೊಂದೂ 30–40. ಅಪ್ಪ ಒಂದು, ಕಾಕಾ ಒಂದು, 1994ರಲ್ಲಿ ಕೂಡಿಯೇ ತೆಗೆದುಕೊಂಡಿದ್ದು. ಅಣ್ಣತಮ್ಮ ಅಕ್ಕಪಕ್ಕ ಮನೆ ಕಟ್ಟಬೇಕು ಅಂತಿತ್ತು. ಕಟ್ಟಲಿಲ್ಲ. ಯಾಕೆ ಅನ್ನುವುದು ಇನ್ನೊಂದು ದೊಡ್ಡ ಕತೆ. ಎರಡೂ ಸೇರಿದರೆ 2400 ಚದರ ಅಡಿ. ಗುಂಟೆಗೆ 1089 ಚದರ ಅಡಿಯಂತೆ ಲೆಕ್ಕ ಹಾಕಿದರೆ ಎರಡು ಗುಂಟೆ, ಮೇಲೊಂದು ಚೂರು. ನಡುವಿನ ಕಲ್ಲು ಕಿತ್ತು ಎಷ್ಟೋ ವರ್ಷ ಆಯಿತು. ಈಗ ಹದಿನಾಲ್ಕು ಮಡಿ ಇವೆ. ಆರು ನಮ್ಮವು, ಆರು ಕಾಕಾನವು. ಉಳಿದ ಎರಡು ಸೂಟಿಗೆ ಬರುವ ಅಣ್ಣನ ಮಕ್ಕಳದು. ಅವರು ಅಲ್ಲಿ ಏನು ಬೇಕಾದರೂ ಊರಬಹುದು. ಹೋದ ವರ್ಷ ಒಂದು ರಿಮೋಟಿನ ಸೆಲ್ ಊರಿದ್ದರು.

ಮಣ್ಣು ಮಸಾರಿ, ಕೆಂಪು. ಜೊತೆಗೆ ಸುತ್ತಲಿನ ಮನೆ ಕಟ್ಟುವಾಗ ಚೆಲ್ಲಿದ ಖಡಿ, ಇಟ್ಟಂಗಿ ಚೂರು. ಕಾಕುನ ತವರುಮನೆ ಅಣ್ಣಿಗೇರಿ. ಇಲ್ಲಿಂದ ಪೂರ್ವಕ್ಕೆ ಹೋದಂತೆ ಮಣ್ಣು ಕಪ್ಪಾಗುತ್ತ ಹೋಗುತ್ತದೆ. ಅವರದು ಅಪ್ಪಟ ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಆದರೆ ಕುಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಿಂಗಾರಿಯಲ್ಲಿ ಹಸಿಯ ಮೇಲೆಯೇ ಕಡಲೆ, ಬಿಳಿಜೋಳ ಎದ್ದು ಬರುವುದು ಅದಕ್ಕೇ. ಮದುವೆಯಾಗಿ ಬಂದು ಮೂವತ್ತು ವರ್ಷ ಆದರೂ ಕಾಕು ನಮ್ಮ ಮಣ್ಣನ್ನು ಒಪ್ಪಿಕೊಂಡಿಲ್ಲ. "ನಿಮ್ಮ ಮಣ್ಣಿಗೆ ಹೊಟ್ಟೀನ ಇಲ್ಲ ನೋಡ್ರಿ ವೈನಿ, ಎಷ್ಟ ಕುಡಿಸಿದ್ರೂ ನಿಲ್ಲಂಗಿಲ್ಲ" ಅಂತ ಅವ್ವನಿಗೆ ಹೇಳುತ್ತಿರುತ್ತಾಳೆ. ಮಣ್ಣನ್ನು ಅವ್ವನೇ ತವರಿನಿಂದ ತಂದಳೇನೋ ಅನ್ನುವಂತೆ.

ಇನ್ನು ನೀರು. ಸೈಟಿಗೆ ನಳ ಇಲ್ಲ. ಪಕ್ಕದ ಮನೆಯವರು ನೀರು ಬಂದ ದಿನ ನಮ್ಮ ಬ್ಯಾರಲ್‌ಗಳಿಗೆ ಪೈಪು ಹಾಕಲು ಬಿಡುತ್ತಾರೆ. ಅದಕ್ಕೆ ವರ್ಷವಿಡೀ ಅವರ ಮನೆಗೆ ಬೆಂಡೆಕಾಯಿ, ಕೊತ್ತಂಬರಿ ಹೋಗುತ್ತದೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಅಷ್ಟು ದೂರ ಬರುವ ನೀರು ಅದು. 2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಶುರುವಾದಾಗ ನಾವು ಆ ಕಡೆಯ ನೆಂಟರನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೆವು. ನಮ್ಮ ಓಣಿಯಲ್ಲಿ ನಳ ಬರುವುದು ಐದು ದಿನಕ್ಕೊಮ್ಮೆ. 200 ಲೀಟರಿನ ಬ್ಯಾರಲ್ ಎರಡು. 400 ಲೀಟರಿಗೆ ಐದು ದಿನ. ದಿನಕ್ಕೆ 80 ಲೀಟರು, ಹದಿನಾಲ್ಕು ಮಡಿಗೆ.

ಕಾಯಿ ಹಿಡಿಯುವ ಹೊತ್ತಿನ ಟಮಾಟಿ ಗಿಡಕ್ಕೆ ಈ ಬಿಸಿಲಿನಲ್ಲಿ ದಿನಕ್ಕೆ ಹತ್ತಿರಹತ್ತಿರ ಎರಡು ಲೀಟರು ಬೇಕು. ಹದಿನಾರು ಗಿಡಕ್ಕೆ ಮೂವತ್ತು ಲೀಟರಂತೂ ಹೋಯಿತು. ಅಂದರೆ 80ರಲ್ಲಿ 30 ಲೀಟರು ಬರೀ ಹೂವಿಗೆ! ಅವ್ವನ ಸಿಟ್ಟು ಇರುವುದು ಇಲ್ಲಿ.

ಧಾರವಾಡದ ಬೇಸಿಗೆ ಕಲಬುರಗಿಯ ಬೇಸಿಗೆಯಲ್ಲ, ಒಪ್ಪುತ್ತೇನೆ. ಊರು ಎತ್ತರದಲ್ಲಿದೆ, ಐದೂವರೆ ದಾಟಿದರೆ ಪಶ್ಚಿಮದಿಂದ ಗಾಳಿ ಬೀಸುತ್ತದೆ. ಹುಬ್ಬಳ್ಳಿಯಲ್ಲಿ ಆಫೀಸು ಮುಗಿಸಿ ಚಿಗರಿ ಬಸ್ಸು ಹತ್ತಿದರೆ, ನವಲೂರು ದಾಟುವ ಹೊತ್ತಿಗೆ ನನ್ನ ತಲೆನೋವು ಅರ್ಧ ಇಳಿದಿರುತ್ತದೆ. ಆದರೆ ಟಮಾಟಿ ಹೂವಿಗೆ ಆ ಗಾಳಿ ಸಾಕಾಗುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವಿನ ಪರಾಗ ಕೆಡುತ್ತದೆ. ಹೂವು ಅರಳುತ್ತದೆ, ಎರಡು ದಿನ ನಗುತ್ತದೆ, ಆಮೇಲೆ ತೊಟ್ಟು ಹಳದಿಯಾಗಿ ಉದುರುತ್ತದೆ. ನೀರು ಎಷ್ಟು ಸುರಿದರೂ ಅಷ್ಟೇ. ಕೊರತೆ ಇರುವುದು ತಂಪಿನದು, ತಂಪನ್ನು ಕೊಡದಲ್ಲಿ ಹೊತ್ತು ತರಲು ಆಗುತ್ತದಾ?

ಅಪ್ಪನಿಗೆ ಇದು ಗೊತ್ತಿಲ್ಲ ಅಂತಲ್ಲ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಒಂದು ದಿನವೂ ತಪ್ಪದೆ ಹೋಗುವವರು. ಬೀಜದ ಮಳಿಗೆಯ ಮುಂದೆ ನಿಂತು ಪ್ರಶ್ನೆ ಕೇಳುವವರು. ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ ಟಮಾಟಿ ಯಾವ ಯಾವ ರೋಗ ತಡೆಯುತ್ತದೆ ಅಂತ ಬಾಯಿಪಾಠ ಹೇಳುತ್ತಾರೆ. ಆದರೆ ಫೆಬ್ರುವರಿ ಕೊನೆಗೆ ಅಗಿ ಹಚ್ಚುವಾಗ ಅವರೊಳಗೆ ಒಬ್ಬ ಬೇರೆಯೇ ಮನುಷ್ಯ ಹುಟ್ಟುತ್ತಾನೆ. "ಈ ವರ್ಷ ಬಿಸಿಲ ಅಷ್ಟ ಇರಂಗಿಲ್ಲ" ಅನ್ನುವ ಮನುಷ್ಯ.

ಈ ವರ್ಷ ಏಪ್ರಿಲ್ ಎರಡನೇ ವಾರದ ಒಂದು ಸಂಜೆ ಅವ್ವ ಕುರ್ಚಿಗಿ ಹಿಡಿದು ಮಡಿಗಳ ನಡುವೆ ನಡೆದುಕೊಂಡು ಹೋದಳು. ಅಲ್ಲಲ್ಲಿ ನಿಂತು ಮಣ್ಣು ಕೆದರಿ, ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಕೈಯಿಂದ ಝಾರಿ ಇಸಿದುಕೊಂಡು, "ಇದಕ್ಕ ಬಂದ್. ಇದಕ್ಕ ಬಂದ್. ಇದಕ್ಕೂ ಬಂದ್" ಅಂದಳು. ಮೊದಲನೆಯದು ಮೆಂತೆ, ಹೇಗೂ ಹೂವಾಗಿ ಮುಗಿದಿತ್ತು. ಎರಡನೆಯದು ನಾನು ಆಸೆಪಟ್ಟು ಹಾಕಿದ್ದ ಗಜ್ಜರಿ. ಮೂರನೆಯದು ಟಮಾಟಿ.

"ಎಲ್ಲಾದಕ್ಕೂ ಸ್ವಲ್ಪಸ್ವಲ್ಪ ಹಾಕೋಣವಾ" ಅಂದೆ ನಾನು, ಜಗಳ ತಪ್ಪಿಸಲು.

"ಸ್ವಲ್ಪಸ್ವಲ್ಪ ಹಾಕಿದ್ರ ಎಲ್ಲಾವೂ ಸಾಯ್ತಾವ. ನಾಲ್ಕ ಮಂದಿಗೆ ಹೊಟ್ಟಿ ತುಂಬ ಹಾಕು. ಉಳಿದಾವಕ್ಕ ಕೈ ಮುಗಿ."

ಅವ್ವನ ಮಾತು ಕಟುಕರ ಮಾತಿನಂತೆ ಕೇಳಿಸುತ್ತದೆ. ಆದರೆ ಮಣ್ಣಿನ ಒಳಗೆ ನಡೆಯುವುದು ಅದೇ. ದಿನಾ ಒಂದು ಚೆಂಬು ಚಿಮುಕಿಸಿದರೆ ಮೇಲಿನ ಎರಡು ಬೆರಳು ಮಣ್ಣು ಮಾತ್ರ ನೆನೆಯುತ್ತದೆ. ಬೇರು ನೀರು ಇದ್ದಲ್ಲಿಗೆ ಬರುತ್ತದೆ, ಅಂದರೆ ಮೇಲಕ್ಕೆ. ಮರುದಿನ ಮಧ್ಯಾಹ್ನ ಆ ಎರಡು ಬೆರಳು ಮಣ್ಣು ಹಂಚಿನ ಹಾಗೆ ಕಾಯುತ್ತದೆ, ಬೇರು ಅಲ್ಲೇ ಸುಡುತ್ತದೆ. ಅದೇ ನೀರನ್ನು ಮೂರು ದಿನಕ್ಕೊಮ್ಮೆ ಬುಡ ತುಂಬ ಇಳಿಸಿದರೆ ಬೇರು ಕೆಳಗೆ ಹುಡುಕಿಕೊಂಡು ಹೋಗುತ್ತದೆ. ನಾನು ಇದನ್ನು ಎಲ್ಲೋ ಓದಿ ತಿಳಿದೆ. ಅವ್ವ ಓದಲಿಲ್ಲ.

ಅವಳ ತವರು ರೋಣದ ಕಡೆಯ ಒಂದು ಹಳ್ಳಿ. ಆಗ ಅದೆಲ್ಲ ಧಾರವಾಡ ಜಿಲ್ಲೆಯೇ. ಗದಗ, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1972ರ ಬರದಲ್ಲಿ ಅವ್ವನಿಗೆ ಹತ್ತು ವರ್ಷ. ಆ ಬರದ ಬಗ್ಗೆ ಅವಳು ಹೆಚ್ಚು ಹೇಳುವುದಿಲ್ಲ. ಹಿಂದೊಮ್ಮೆ ಕಸ ತೆಗೆಯುತ್ತ ಕೂತಾಗ, ಯಾರೂ ಕೇಳದೆ, ತಾನೇ ಹೇಳಿದ್ದಳು. ಮನೆಯಲ್ಲಿ ಎರಡು ಎಮ್ಮೆ, ಒಂದು ಆಕಳು ಇದ್ದವು. ಕಣಕಿ ಒಂದಕ್ಕಾಗುವಷ್ಟಿತ್ತು. ಅಜ್ಜ ಮೂರು ದಿನ ಊಟ ಮಾಡದೆ ಕೂತಿದ್ದನಂತೆ. ನಾಲ್ಕನೇ ದಿನ ಎರಡರ ಹಗ್ಗ ಬಿಚ್ಚಿದನಂತೆ. "ಆಕಳ ಉಳಿತು" ಅಂದು ಅವ್ವ ಮತ್ತೆ ಕಸ ತೆಗೆಯತೊಡಗಿದಳು. ಬಿಟ್ಟವು ಎಲ್ಲಿ ಹೋದವು ಅಂತ ನಾನು ಕೇಳಲಿಲ್ಲ. ಟಮಾಟಿಗೆ ಬಂದ್ ಅಂದ ಸಂಜೆ ಮಾತ್ರ ಅದು ನೆನಪಾಯಿತು. ಅಪ್ಪನಿಗೂ ನೆನಪಾಗಿರಬೇಕು. ಸುಮ್ಮನೆ ಪೈಪು ಸುತ್ತಿಟ್ಟು ಮನೆಗೆ ಹೋದರು.

ಹಾಗಾದರೆ ಆ ನಾಲ್ಕು ಮಂದಿ ಯಾರು?

ಮೊದಲ ಪಂಕ್ತಿ ಚವಳಿಕಾಯಿಗೆ. ಬೆಂಗಳೂರಿನ ಕಡೆ ಇದಕ್ಕೆ ಗೋರಿಕಾಯಿ ಅಂತಾರೆ. ಇದರಷ್ಟು ಗಟ್ಟಿ ಗಿಡ ನಾನು ನೋಡಿಲ್ಲ. ಬೇರು ಆಳಕ್ಕೆ ಬಿಡುತ್ತದೆ, ಬಿಸಿಲು ಬಿದ್ದಷ್ಟು ಖುಷಿ. ರಾಜಸ್ಥಾನದ ಮರಳಿನಲ್ಲೇ ಎಕರೆಗಟ್ಟಲೆ ಬೆಳೆಯುವ ಜಾತಿ, ನಮ್ಮ ಮಸಾರಿ ಅದಕ್ಕೆ ಯಾವ ಲೆಕ್ಕ? ಇದರ ಬೀಜದ ಅಂಟಿಗೆ ಅಮೆರಿಕದ ತೈಲ ಬಾವಿಗಳವರು ಮುಗಿಬಿದ್ದು, 2012ರಲ್ಲಿ ರೇಟು ಆಕಾಶಕ್ಕೆ ಹೋಗಿತ್ತು. ಆ ಸುದ್ದಿ ಓದಿ ಕಾಕಾ ಎರಡೂ ಸೈಟಿನ ತುಂಬ ಚವಳಿ ಹಾಕೋಣ ಅಂತ ಹೊರಟಿದ್ದ. ಎರಡು ಗುಂಟೆಯಲ್ಲಿ! ನಮ್ಮ ಮನೆಯ ಹುಡುಗರಿಗೆ ಈ ಕಾಯಿ ಕಂಡರೆ ಆಗುವುದಿಲ್ಲ. ಬಿಡಿಸುವಾಗ ಕೈ ಕೆರೆಯುತ್ತದೆ, ತಿನ್ನುವಾಗ ಸ್ವಲ್ಪ ಕಹಿ. ಆದರೆ ಗುರೆಳ್ಳು ಪುಡಿ ಹಾಕಿ ಮಾಡಿದ ಪಲ್ಯ, ಬಿಸಿ ರೊಟ್ಟಿ, ಮೇಲೆ ಮೊಸರು ಇದ್ದರೆ ನನಗೆ ಬೇರೇನೂ ಬೇಡ. ಜಾಸ್ತಿ ಬಂದಾಗ ಅವ್ವ ಕುದಿಸಿ, ಉಪ್ಪು ಮಜ್ಜಿಗೆಯಲ್ಲಿ ನೆನೆಸಿ, ಮಾಳಿಗೆಯ ಮೇಲೆ ಒಣಗಿಸಿ ಬಾಳಕ ಮಾಡುತ್ತಾಳೆ. ಗಿಡವನ್ನು ಸುಡುವ ಬಿಸಿಲೇ ಬಾಳಕಕ್ಕೆ ಬೇಕು.

ಎರಡನೆಯದು ಬೆಂಡೆ. ರಾತ್ರಿ ನೀರಲ್ಲಿ ನೆನೆಸಿಟ್ಟು ಊರಿದರೆ ಕಾದ ಮಣ್ಣಿನಲ್ಲಿ ಬೇಗ ಎದ್ದು ನಿಲ್ಲುತ್ತದೆ. ಇದಕ್ಕೆ ವೈರಿ ಬಿಸಿಲಲ್ಲ, ಬಿಳಿ ನೊಣ. ಅದು ಹರಡುವ ಹಳದಿ ನರ ರೋಗ ತಗುಲಿದರೆ ಎಲೆಯ ನರಗಳೆಲ್ಲ ಅರಿಸಿನ ಬಳಿದಂತೆ ಕಾಣುತ್ತವೆ. ಔಷಧಿ ಇಲ್ಲ, ಕಿತ್ತು ಹಾಕಬೇಕು. ಈ ಸಲ ಒಂಬತ್ತು ಕಿತ್ತೆವು, ಎಲ್ಲವೂ ಕಾಕಾನ ಮಡಿಯವು, ಹಳೆಯ ಬೀಜದವು. ಅರ್ಕಾ ಅನಾಮಿಕ ಹಾಕಿದ್ದ ನಮ್ಮ ಸಾಲು ಉಳಿಯಿತು. ಅಪ್ಪ ಅದನ್ನು ದಿನಕ್ಕೆ ಮೂರು ಸಲ ಕಾಕಾನಿಗೆ ನೆನಪಿಸಿದರು.

ಮೂರನೆಯದು ಬದನೆ. ಬದನೆಗೆ ಅವ್ವನ ಹತ್ತಿರ ಬೇರೆ ಕಾನೂನು. ಅದರ ನೀರು ಪೂರ್ತಿ ಬಂದ್ ಆಗುವುದಿಲ್ಲ, ಕೈಕಾಲು ಕತ್ತರಿಸಲಾಗುತ್ತದೆ. ಮೊಳಕೈ ಎತ್ತರಕ್ಕೆ ಸವರಿ, ಬುಡಕ್ಕೆ ಶೇಂಗಾ ಹೊಟ್ಟು, ಒಣಗಿದ ಎಲೆ ಒಟ್ಟಿ, ವಾರಕ್ಕೊಮ್ಮೆ ಮಾತ್ರ ನೀರು. ಮಳೆ ಬಿದ್ದಾಗ ಮತ್ತೆ ಚಿಗುರಿ ಕಾಯಿ ಬಿಡುತ್ತದೆ.

ನಾಲ್ಕನೆಯದು ಹೀರೆ, ಹಂದರದ ಮೇಲಿನದು. ಇದರ ಯಜಮಾನಿ ನಾನು. ಹಾಗಾಗಿ ಇದರ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ.

ಹೋದ ವರ್ಷ ಈ ಮಡಿಯನ್ನು ನಾನೇ ಹಾಳು ಮಾಡಿದ್ದೆ. ಹೆಚ್ಚು ಗೊಬ್ಬರ ಹಾಕಿದರೆ ಹೆಚ್ಚು ಕಾಯಿ ಅನ್ನುವ ಲೆಕ್ಕದಲ್ಲಿ, ಇನ್ನೂ ಸರಿಯಾಗಿ ಕೊಳೆಯದ ಸಗಣಿ ಗೊಬ್ಬರ ಎರಡು ಪುಟ್ಟಿ ಸುರಿದಿದ್ದೆ. ಹಸಿ ಗೊಬ್ಬರ ಒಳಗೇ ಕಾಯುತ್ತದೆ, ಮೇಲಿಂದ ಗೆದ್ದಲನ್ನು ಕರೆಯುತ್ತದೆ. ಹದಿನೈದು ದಿನದಲ್ಲಿ ಬಳ್ಳಿಯ ಬುಡ ಟೊಳ್ಳು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಓದಿದಾಕಿ" ಅಂತ ಒಂದೇ ಮಾತು ಅಂದಳು.

ಅದಕ್ಕೇ ಈ ವರ್ಷ ಗಡಿಗೆ. ಬೇಸಿಗೆ ಬಂದರೆ ಸಂತೆಯಲ್ಲಿ ಗಡಿಗೆಗಳ ಸಾಲು ಕೂರುತ್ತದಲ್ಲ, ಅಲ್ಲಿ ಆರು ಗಡಿಗೆ ತಂದೆ. ಬಾಯಿ ಸ್ವಲ್ಪ ಒಡೆದವು ಅಗ್ಗಕ್ಕೆ ಸಿಕ್ಕವು. ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಮಣ್ಣಲ್ಲಿ ಹೂತು, ಸುತ್ತ ಹೀರೆ ಬೀಜ ಊರಿ, ಗಡಿಗೆಯ ತುಂಬ ನೀರು ತುಂಬಿ, ಮೇಲೆ ಪರಟೆ ಮುಚ್ಚಿದೆ. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಒಸರುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟು ಜಾಸ್ತಿ ಎಳೆದುಕೊಳ್ಳುತ್ತದೆ, ಹಸಿ ಇದ್ದರೆ ಕಡಿಮೆ. ಬಿಸಿಲಿಗೆ ಆವಿಯಾಗಿ ಹೋಗಲು ಮೇಲೆ ನೀರೇ ಇರುವುದಿಲ್ಲ. ನಮ್ಮ ಎಂಟು ಲೀಟರಿನ ಗಡಿಗೆ ಮೂರು ದಿನ ಬರುತ್ತದೆ. ಆರು ಗಡಿಗೆಗೆ ದಿನಕ್ಕೆ 16 ಲೀಟರು ಬಿತ್ತು. ಅವ್ವ ಈ ಲೆಕ್ಕ ಕೇಳಿ ತಲೆ ಅಲ್ಲಾಡಿಸಿದಳು. ನನಗೆ ಅದು ಪ್ರಶಸ್ತಿ.

ಆರರಲ್ಲಿ ಒಂದರ ನೀರು ಮಾತ್ರ ಇಳಿಯಲೇ ಇಲ್ಲ. ನಾಲ್ಕು ದಿನ ಆದರೂ ಕಂಠಮಟ್ಟ. ಅದರ ಸುತ್ತಲಿನ ಬಳ್ಳಿ ಬಾಡಿ ಬಿತ್ತು. ಎಬ್ಬಿಸಿ ನೋಡಿದರೆ, ಅದು ನಾನು ತಂದ ಗಡಿಗೆಯಲ್ಲ. ನಾನು ತಂದದ್ದರಲ್ಲಿ ಒಂದು ಮನೆಗೆ ಬರುವಾಗಲೇ ಒಡೆದಿತ್ತಂತೆ. ಕಾಕಾನ ಮಗಳು ಯಾರಿಗೂ ಹೇಳದೆ ತನ್ನ ಕೋಣೆಯಲ್ಲಿ ಚಂದಕ್ಕೆ ಇಟ್ಟಿದ್ದ ಗಡಿಗೆಯನ್ನೇ ಅಲ್ಲಿ ಹೂತಿದ್ದಳು. ಮೈತುಂಬ ಆಯಿಲ್ ಪೇಂಟು, ಅದರ ಮೇಲೆ ಕುಣಿಯುವ ಗೊಂಬೆಗಳು. ಒಸರಲು ದಾರಿ ಎಲ್ಲಿದೆ?

ಇದೆಲ್ಲ ನಡೆಯುತ್ತಿದ್ದಾಗ ಟಮಾಟಿ ಮಡಿ ಒಣಗುತ್ತಿತ್ತು. ಎಲೆ ಕೊಳವೆಯಂತೆ ಸುತ್ತಿಕೊಂಡಿತು, ಆಮೇಲೆ ಕಂದಾಯಿತು. ಒಂದು ವಾರದಲ್ಲಿ ಹದಿನೈದು ಗಿಡ ಕಡ್ಡಿ. ಹದಿನಾರನೆಯದು, ಬೇಲಿಯ ಹೊಂಗೆ ಮರದ ನೆರಳು ಮಧ್ಯಾಹ್ನ ಬೀಳುವ ಕಡೆ ಇದ್ದದ್ದು, ಹಸಿರಾಗಿಯೇ ನಿಂತಿತ್ತು. ನೆರಳಿಗೆ ಉಳಿಯಿತು ಅಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಬೇಗ ಹೋದಾಗ ನೋಡಿದೆ, ಬುಡದ ಸುತ್ತ ತಟ್ಟೆಯಗಲ ಹಸಿ. ಅಪ್ಪ ವಾಕಿಂಗಿಗೆ ಹೋಗುವಾಗ ಒಂದು ಲೀಟರಿನ ಬಾಟಲಿ ಹಿಡಿದುಕೊಂಡು ಹೋಗುತ್ತಾರೆ. ಮೊದಲೆಲ್ಲ ಬಾಟಲಿ ಹಿಡಿದವರೇ ಅಲ್ಲ.

ನಾನು ಅವ್ವನಿಗೆ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ ಅನ್ನುವುದು ಎರಡು ದಿನ ಬಿಟ್ಟು ಗೊತ್ತಾಯಿತು. ಸಂಜೆ ಸ್ಕೂಟಿಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗುವಾಗ ಕಾಲ ಹತ್ತಿರ ಒಂದು ಕ್ಯಾನು. ಅಕ್ಕಿ, ಬೇಳೆ ತೊಳೆದ ನೀರು. ನೇರ ಹೋಗಿ ಹೊಂಗೆ ಮರದ ಕಡೆ ಬಗ್ಗಿಸಿದಳು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ, "ಚೆಲ್ಲೂ ನೀರ ಇದು. ಲೆಕ್ಕದಾಗ ಬರಂಗಿಲ್ಲ" ಅಂದಳು.

ಮಳೆ ಬಂದದ್ದು ಭರಣಿಯಲ್ಲಿ, ಮೇ ಮೊದಲ ವಾರ. ಅಡ್ಡಮಳೆ ಅಂದರೆ ಗೊತ್ತಲ್ಲ, ಮೊದಲು ಧೂಳು, ಆಮೇಲೆ ಗುಡುಗು, ಆಮೇಲೆ ಕರೆಂಟು ಹೋಗುವುದು, ಕೊನೆಗೆ ಮಳೆ. ಈ ಸಲ ಆಣೆಕಲ್ಲೂ ಬಿತ್ತು. ಅಣ್ಣನ ಮಕ್ಕಳು ಬಟ್ಟಲು ಹಿಡಿದು ಅಂಗಳಕ್ಕೆ ಓಡಿದರು, ಅವರ ತಾಯಿ, ನನ್ನ ವೈನಿ, ಅವರ ಹಿಂದೆ ಓಡಿದರು. ಮಾಳಿಗೆಯ ಮೇಲೆ ಅಪ್ಪನ ಮಳೆ ಮಾಪಕ ಇರುತ್ತದೆ. ಅಂದರೆ ಒಂದು ಸ್ಟೀಲ್ ಡಬ್ಬಿ ಮತ್ತು ಒಂದು ಸ್ಕೇಲು. 14 ಮಿಲಿಮೀಟರ್ ಅಂದರು. ಒಂದು ಚದರ ಮೀಟರ್ ನೆಲಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರು. ನಮ್ಮ ಎರಡು ಸೈಟು 223 ಚದರ ಮೀಟರ್. ಮೂರು ಸಾವಿರ ಲೀಟರಿಗೂ ಮೇಲಾಯಿತು! ಹದಿನೈದು ಬ್ಯಾರಲ್, ಮುಕ್ಕಾಲು ತಾಸಿನಲ್ಲಿ, ಪೈಪು ಇಲ್ಲದೆ. ಅಪ್ಪ ಈ ಲೆಕ್ಕವನ್ನು ಮೇಣದಬತ್ತಿ ಬೆಳಕಲ್ಲಿ ಕ್ಯಾಲೆಂಡರಿನ ಹಿಂದೆ ಬರೆದರು.

ಮರುದಿನ ಹೋಗಿ ನೋಡಿದರೆ ಹಂದರ ಅರ್ಧ ಮಲಗಿತ್ತು. ಹೀರೆ ಎಲೆಗಳು ಬಂದೂಕಿನಿಂದ ಹೊಡೆದ ಹಾಗೆ ತೂತು ತೂತು. ಗಡಿಗೆಗಳು ಹೂತಿದ್ದರಿಂದ ಬಚಾವಾಗಿದ್ದವು. ಬೆಂಡೆ ಬಗ್ಗಿತ್ತು. ಚವಳಿಗೆ ಏನೂ ಆಗಿರಲಿಲ್ಲ. ಅದಕ್ಕೆ ಏನೂ ಆಗುವುದಿಲ್ಲ. ವಾರ ಕಳೆಯುವಷ್ಟರಲ್ಲಿ ನಾವು ಕೈ ಬಿಟ್ಟಿದ್ದ ಮೆಂತೆ, ಗಜ್ಜರಿ, ಟಮಾಟಿ ಮಡಿಗಳಲ್ಲಿ ರಾಜಗಿರಿ, ಗೋಳಿ ಪಲ್ಯ ತಾವಾಗಿಯೇ ಎದ್ದವು. ಯಾವ ವರ್ಷದ ಬೀಜವೋ ಏನೋ. ಕಾಕು ಸೆರಗು ತುಂಬ ಕಿತ್ತುಕೊಂಡು ಹೋದಳು. ನಮ್ಮ ಮಣ್ಣಿಗೆ ಹೊಟ್ಟೆ ಇಲ್ಲ ಅನ್ನುವ ಮಾತು ಆ ದಿನ ಬರಲಿಲ್ಲ.

ರೋಹಿಣಿ ಮಳೆಯೂ ಒಂದೆರಡು ಸಲ ಆಯಿತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಬರೀ ಕೆಸರು. ಆದರೆ ರಾತ್ರಿ ತಂಪಾಯಿತು. ಹದಿನಾರನೇ ಗಿಡ, ಒಂದು ಕೊಂಬೆ ಮುರಿದುಕೊಂಡೇ, ನಾಲ್ಕು ಕಾಯಿ ಕಚ್ಚಿತು. ಎರಡು ಉದುರಿದವು. ಮಿರಗ, ಅಂದರೆ ಮೃಗಶಿರಾ ಮಳೆ, ಮುಗಿಯುವ ಹೊತ್ತಿಗೆ ಎರಡು ಹಣ್ಣು ಕೆಂಪಾದವು, ನಿಂಬೆಹಣ್ಣಿನ ಗಾತ್ರ. ಒಂದಕ್ಕೆ ಹಕ್ಕಿ ಕುಕ್ಕಿತ್ತು. ಅಪ್ಪ ಎರಡನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಇಟ್ಟರು, ಏನೂ ಹೇಳಲಿಲ್ಲ. ಅವ್ವ ಕುಕ್ಕಿದ ಕಡೆ ಕೊಯ್ದು ತೆಗೆದು, ಎರಡನ್ನೂ ರಾತ್ರಿಯ ಸಾರಿಗೆ ಹಾಕಿದಳು. ಕಾಕಾ, ಕಾಕು ಊಟಕ್ಕೆ ಬಂದಿದ್ದರು.

"ಟಮಾಟಿ ಸಂತೀದಲ್ಲ ಇದು" ಅಂದಳು ಕಾಕು, ಒಂದು ಗುಟುಕು ಕುಡಿದು.

ಅಪ್ಪ ತಲೆ ಎತ್ತಿದರು.

"ಹುಳಿ ಭಾಳ ಐತ್ರಿ."

"ಇನ್ನೊಂದ ಸೌಟ ಹಾಕ್ಲೇನ?" ಅಂದಳು ಅವ್ವ. ಕಾಕುನ ಉತ್ತರಕ್ಕೆ ಕಾಯದೆ ಅಪ್ಪನ ತಾಟಿಗೆ ಹಾಕಿದಳು.